ಎಡಕ್ಕೆ ವಾಲಿದ ಜೇಬು

...ಅಥವಾ ಅಂದು ಮಳೆ ಬರುತ್ತಲೇ ಇರಲಿಲ್ಲವೇನೋ. ನನ್ನ ನೆನಪಿನಲ್ಲಂತೂ ತಗಡಿನ ಚಾವಣಿಯ ಮೇಲೆ ಮಳೆ ಧೋ ಎಂದು ಸುರಿಯುತ್ತಿದೆ. ಎದುರಿಗೆ ಕೂತ ಮಿಸೆಸ್ ಫಿರಿ ಏನೋ ಹೇಳುತ್ತಿದ್ದಾರೆ, ನನಗೆ ಅರ್ಧ ಮಾತ್ರ ಕೇಳಿಸುತ್ತಿದೆ, ಆ ಅರ್ಧದಲ್ಲೇ ನನ್ನನ್ನು ಊರಿಗೆ ವಾಪಸ್ ಕಳಿಸುವ ವಿಷಯ ಇದೆ. ಆದರೆ ಮಿಸೆಸ್ ಫಿರಿಯವರನ್ನು ಕೇಳಿ ನೋಡಿ, ಅಂದು ರಣಬಿಸಿಲಿತ್ತು ಎನ್ನುತ್ತಾರೆ. ಹಿತ್ತಲಲ್ಲಿ ಹಾಸಿಗೆಯ ಹೊದಿಕೆಗಳನ್ನು ಒಣಹಾಕಿದ್ದೆ ಎಂದು ಸಾಕ್ಷಿಯನ್ನೂ ಒದಗಿಸುತ್ತಾರೆ. ಅವರು ಮುಖ್ಯೋಪಾಧ್ಯಾಯಿನಿ. ಒಣಹಾಕಿದ ಹೊದಿಕೆಗಳ ವಿರುದ್ಧ ವಾದ ಮಾಡುವ ಧೈರ್ಯ ನನಗಿಲ್ಲ. ಆದ್ದರಿಂದ ಮಳೆಯನ್ನು ತೆಗೆದುಬಿಡೋಣ. ತಗಡಿನ ಚಾವಣಿ ಇರಲಿ, ಅದಕ್ಕೆ ಯಾರ ತಕರಾರೂ ಇಲ್ಲ.

ಇನ್ನೂ ಒಂದು ಅನುಮಾನ ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮಿಸೆಸ್ ಫಿರಿ ಆಫ್ರಿಕಾದ ಮಲಾವಿ ದೇಶದವರು. ಅಲ್ಲಿನ ಒಂದು ಗುಡ್ಡದ ಮೇಲಿರುವ ಮಿಷನ್ ಶಾಲೆಯನ್ನು ನಡೆಸುತ್ತಾರೆ. ಇಂಗ್ಲಿಷ್ ಮತ್ತು ಚಿಚೇವಾ ಬಿಟ್ಟರೆ ಅವರಿಗೆ ಬೇರೆ ಭಾಷೆ ಬಾರದು. ಆದರೆ ನನ್ನ ನೆನಪಿನಲ್ಲಿ ಅವರು ಅಚ್ಚ ಬಳ್ಳಾರಿ ಕನ್ನಡ ಮಾತಾಡುತ್ತಾರೆ. ಅವರೊಬ್ಬರೇ ಅಲ್ಲ, ಅಡುಗೆಯವಳು, ಶಾಲೆಯ ಸಮಿತಿಯ ಅಧ್ಯಕ್ಷರು, ಒಂಬತ್ತನೇ ತರಗತಿಯ ಮಕ್ಕಳು, ಎಲ್ಲರೂ ನಮ್ಮ ಕೌಲ್ ಬಜಾರಿನ ಓಣಿಯಲ್ಲಿ ಹುಟ್ಟಿದವರ ಹಾಗೆ 'ಐತಿ', 'ಹೋಗಾಕ', 'ಬರ್ರಿ' ಎನ್ನುತ್ತಾರೆ. ಯಾವಾಗ ಹೀಗಾಯಿತೋ ತಿಳಿಯದು. ಅವರು ನಿಜವಾಗಿ ಆಡಿದ ಇಂಗ್ಲಿಷ್ ಮಾತು ಈಗ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಅವರ ಬಾಯಿಂದ ಬರುವ ಕನ್ನಡಕ್ಕೆ ಅವರು ಹೊಣೆಯಲ್ಲ.

ಇದೆಲ್ಲ ಶುರುವಾದದ್ದು ಒಂದು ಜೇಬಿನಿಂದ. ರಜೆಗೆಂದು ಬಳ್ಳಾರಿಗೆ ಬಂದಿದ್ದೇನೆ. ನಿನ್ನೆ ಅಕ್ಕನ ಮನೆಯಲ್ಲಿ ಸೂಟ್‌ಕೇಸು ಖಾಲಿ ಮಾಡುವಾಗ ತಳದಲ್ಲಿ ಒಂದು ನೀಲಿ ಜೇಬು ಸಿಕ್ಕಿತು. ಬರೀ ಜೇಬು, ಅಂಗಿ ಇಲ್ಲ. ಕನ್ನಡಕ ಇಟ್ಟುಕೊಳ್ಳಲು ಚೆನ್ನಾಗಿದೆ ಎಂದು ಎತ್ತಿಟ್ಟುಕೊಂಡೆ. ಅಕ್ಕ ಅದನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಯಾರು ಹೊಲಿದಿದ್ದಲೇ ಸುಗುಣಾ ಇದನ್ನ? ಎಡಕ್ಕ ವಾಲೈತಿ."

"ನಾನಽ ಹೊಲಿದಿದ್ದು."

"ಹೌದಾ?" ಎಂದಳು. ಅವಳ 'ಹೌದಾ'ದಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತದೆ. ಆ ಸೂಜಿಗೆ ಕೊನೆಯಲ್ಲಿ ಬರುತ್ತೇನೆ.

ಬಳ್ಳಾರಿಯ ಜೀನ್ಸ್ ಪ್ಯಾಂಟು ಎಲ್ಲರಿಗೂ ಗೊತ್ತು. ಆದರೆ ಅದನ್ನು ಯಾರು ಹೊಲಿಯುತ್ತಾರೆ ಎಂದು ಕೇಳಿದರೆ ನಮ್ಮ ಓಣಿಯಲ್ಲಿ ಯಾರೂ ಕೈ ಎತ್ತುವುದಿಲ್ಲ. ಒಬ್ಬರ ಮನೆಯಲ್ಲಿ ಕಾಲು ಜೋಡಿಸುತ್ತಾರೆ, ಇನ್ನೊಬ್ಬರ ಮನೆಯಲ್ಲಿ ಸೊಂಟದ ಪಟ್ಟಿ. ಮಸೀದಿ ಪಕ್ಕದ ಮನೆಯಲ್ಲಿ ಬೆಲ್ಟು ತೂರಿಸುವ ಲೂಪು. ನಮ್ಮ ಅಕ್ಕ ರೂತಮ್ಮ ಜಿಪ್ಪು ಹಾಕುತ್ತಿದ್ದಳು, ಈಗಲೂ ಹಾಕುತ್ತಾಳೆ. ಗುಂಡಿ ಹಚ್ಚಿ ದಾರ ಕತ್ತರಿಸುವ ಕೆಲಸ ಕುರುಗೋಡಿನ ಚಿಕ್ಕಮ್ಮನ ಮನೆಗೆ ಬಸ್ಸಿನಲ್ಲಿ ಹೋಗುತ್ತಿತ್ತು. ನನ್ನ ಪಾಲಿಗೆ ಬಂದದ್ದು ಹಿಂದಿನ ಜೇಬು. ಐದು ಮೂಲೆಯ ಜೇಬು, ಅದರ ಮೇಲೆ ಬಿಲ್ಲಿನ ಆಕಾರದಲ್ಲಿ ಎರಡು ಸಾಲು ಹೊಲಿಗೆ. ಸಾಲಿಯಿಂದ ಬಂದು ಚೀಲ ಬಿಸಾಡಿ ಕೂತರೆ ಅವ್ವ ಪ್ರಾರ್ಥನೆಗೆ ಕರೆಯುವ ತನಕ ಜೇಬು, ಪ್ರಾರ್ಥನೆ ಮುಗಿದ ಮೇಲೆ ಊಟ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೂ ಜೇಬೇ ಕಾಣುತ್ತಿತ್ತು. ಇಡೀ ಪ್ಯಾಂಟು ನಮ್ಮ ಮನೆಯಲ್ಲಿ ಯಾರೂ ಹೊಲಿದವರಲ್ಲ, ನಾವು ಹೊಲಿದ ಪ್ಯಾಂಟು ಪೂರ್ತಿಯಾಗಿ ಹೇಗೆ ಕಾಣುತ್ತದೆಂದು ನೋಡಿದವರೂ ಕಡಿಮೆ.

ನಾನು ನೋಡಿದ್ದು ಸಿರುಗುಪ್ಪದ ಬಸ್ಸಿನಲ್ಲಿ. ಸಿರುಗುಪ್ಪ ನಮ್ಮ ಅಜ್ಜಿಯ ಊರು. ರೈಸ್ ಮಿಲ್ಲಿನ ಹೊಟ್ಟಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಈಗಲೂ ಅಜ್ಜಿ ಕೈ ಹಿಡಿದ ಹಾಗಾಗುತ್ತದೆ. ಅಂದು ಬಸ್ಸು ತುಂಬಿತ್ತು. ಅಜ್ಜಿಗೆ ಸೀಟು ಸಿಕ್ಕಿತ್ತು, ನಾನು ಅವಳ ಮೊಣಕಾಲಿಗೆ ಒರಗಿ ನಿಂತಿದ್ದೆ. ನನ್ನ ಮೂಗಿನ ನೇರಕ್ಕೆ ಒಬ್ಬ ಮನುಷ್ಯನ ಪ್ಯಾಂಟಿನ ಜೇಬು. ಬಿಲ್ಲಿನ ಎರಡು ಸಾಲು. ಎಡಗಡೆಯ ಮೂಲೆಯಲ್ಲಿ ಹೊಲಿಗೆ ಕೂದಲೆಳೆಯಷ್ಟು ಒಳಕ್ಕೆ ವಾಲಿದೆ. ಆ ವಾಲು ನನ್ನದು! ನಮ್ಮ ಮಷೀನಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಇಟ್ಟಿದ್ದ ಕಲ್ಲು ಆಗಾಗ ಜಾರುತ್ತಿತ್ತು, ಎಡ ಮೂಲೆ ಬಂದಾಗ ನನ್ನ ಕೈ ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು. ಲೋಕದ ಎಷ್ಟೇ ಜೇಬುಗಳ ನಡುವೆ ಇಟ್ಟರೂ ನನ್ನದನ್ನು ಗುರುತಿಸುತ್ತೇನೆ. ಖುಷಿ ತಡೆಯಲಾರದೆ ಬೆರಳಿಂದ ಆ ಮೂಲೆಯನ್ನು ಮುಟ್ಟಿದೆ.

ಆ ಮನುಷ್ಯ ಗಬಕ್ಕನೆ ತಿರುಗಿದ. "ಏ ಪಾಪ, ಏನ್ ಮಾಡಾಕತ್ತಿ?"

ಅಜ್ಜಿ ನನ್ನ ತಲೆಗೆ ಒಂದು ಕೊಟ್ಟಳು. "ಮಂದಿ ಜೇಬಿಗೆ ಕೈ ಹಾಕ್ತಿಯೇನಲೇ? ಪ್ರಾರ್ಥನಾ ಮಾಡೋ ಮನಿತನ ನಮ್ದು!"

"ಅಜ್ಜಿ, ಅದು ನನ್ನ ಜೇಬು!"

ಬಸ್ಸಿಗೆ ಬಸ್ಸೇ ನಕ್ಕಿತು. "ಜೇಬು ನಿಂದಽ ಆದ್ರ ಒಳಗಿನ ರೊಕ್ಕಾನೂ ನಿಂದಽ ಏನವ್ವಾ?" ಎಂದ ಆತ. ಹೇಳಿಕೊಳ್ಳಲು ಹೋದಷ್ಟೂ ಕಳ್ಳಿಯಾದೆ. ಸಿರುಗುಪ್ಪ ಬರುವ ತನಕ ಅಜ್ಜಿ ತೆಲುಗಿನಲ್ಲಿ ಗೊಣಗುತ್ತಲೇ ಇದ್ದಳು. ಬಯ್ಯುವುದಕ್ಕೆ ಅವಳಿಗೆ ತೆಲುಗು, ಪ್ರಾರ್ಥನೆಗೆ ಕನ್ನಡ. ಅಕ್ಕನ ಪ್ರಕಾರ ಅದು ಬಸ್ಸಲ್ಲ, ಟೆಂಪೊ. ಇರಲಿ. ಜೇಬಂತೂ ಇತ್ತು.

ಹೊಲಿಗೆಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಓದಿದೆ ಎಂದರೆ ತಪ್ಪಾಗದು. ದೇವರ ಕರೆ ಬಂತು ಎಂದು ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳಿದ್ದೇನೆ, ಅದೂ ಸುಳ್ಳಲ್ಲ. ಎರಡೂ ಒಂದೇ ದಿಕ್ಕಿನಿಂದ ಕೂಗಿದವು. ಬೋಧನೆಯ ತರಬೇತಿ ಮುಗಿಸಿ ಮೊದಲು ಹೋದದ್ದು ಕುರುಗೋಡಿಗೆ. ಬಂಡೆಗುಡ್ಡಗಳ ಮಗ್ಗುಲಲ್ಲಿ ಒಂದು ಚಿಕ್ಕ ಪ್ರಾರ್ಥನಾ ಮಂದಿರ, ಭಾನುವಾರದ ಶಾಲೆ. ಪಾಠ ಮುಗಿದ ಮೇಲೆ ಮಂಡಕ್ಕಿ ಕೊಡುತ್ತಿದ್ದುದರಿಂದ ಎಲ್ಲ ಮನೆತನದ ಮಕ್ಕಳೂ ಬರುತ್ತಿದ್ದವು. ನಾನು ಉತ್ಸಾಹದಲ್ಲಿ ಲೋಕದ ಸೃಷ್ಟಿಯಿಂದ ಹಿಡಿದು ಲೋಕದ ಅಂತ್ಯದ ತನಕ ಒಂದೇ ಪಾಠದಲ್ಲಿ ಹೇಳಿಬಿಡುತ್ತಿದ್ದೆ. ಹಿಂದೆ ಕೂತು ಕೇಳಿದ ಪಾಸ್ಟರ್ ಅಯ್ಯನವರು ಹೊರಗೆ ಬಂದು ಮೆಲ್ಲಗೆ ಹೇಳಿದರು: "ಸುಗುಣಾ, ಪೂರ್ತಿ ಬೈಬಲ್ ಒಮ್ಮೆಲೇ ಹೇಳಿದ್ರ ಹೆಂಗವ್ವಾ? ಹುಡುಗ್ರು ಹೆದರ್ತಾವ." ನನಗೆ ಸಿಟ್ಟು ಬಂತು. ಅಯ್ಯನವರಲ್ಲಿ ಉತ್ಸಾಹ ಬತ್ತಿದೆ ಎಂದುಕೊಂಡೆ. ಅದೇ ಅಯ್ಯನವರು ಮುಂದೆ ಮಲಾವಿಯ ಶಾಲೆಗೆ ಒಬ್ಬ ಬೋಧಕಿ ಬೇಕಂತೆ ಎಂದು ನನ್ನ ಹೆಸರು ಕೊಟ್ಟರು. ನನ್ನ ಮೇಲಿನ ಅಭಿಮಾನಕ್ಕೋ, ಕುರುಗೋಡಿನ ಮಕ್ಕಳ ಮೇಲಿನ ಕರುಣೆಗೋ, ಇವತ್ತಿಗೂ ಬಗೆಹರಿದಿಲ್ಲ.

ನಾನು ಮಿಷನರಿ ಎಂದರೆ ಬಳ್ಳಾರಿಯಲ್ಲಿ ಜನ ನನ್ನ ಬೆನ್ನ ಹಿಂದೆ ಯಾರಾದರೂ ಬಿಳಿಯ ದೊರೆ ನಿಂತಿದ್ದಾನೋ ಎಂದು ನೋಡುತ್ತಾರೆ. ಮಿಷನರಿ ಎಂದರೆ ನಮ್ಮೂರಿಗೆ ಬರುವವರು, ನಮ್ಮೂರಿಂದ ಹೋಗುವವರಲ್ಲ. ನನ್ನನ್ನು ಬೀಳ್ಕೊಡಲು ಸಭೆಯವರು ಹಾರ ಹಾಕಿದರು, ಹಾಡು ಹಾಡಿದರು, ಒಬ್ಬ ಹಿರಿಯರು "ಕತ್ತಲಿಗೆ ದೀಪ ಒಯ್ಯಾಕತ್ತಾಳ ನಮ್ಮ ಹುಡುಗಿ" ಎಂದರು. ದೀಪವಾಗಿ ವಿಮಾನ ಹತ್ತಿದೆ.

ಇಳಿದು ನೋಡಿದರೆ ಅಲ್ಲಿ ಹಗಲು! ನನ್ನ ಮೊದಲ ಬೈಬಲ್ ತರಗತಿಯಲ್ಲಿ ಕೀರ್ತನೆಯ ಒಂದು ವಾಕ್ಯ ಹೇಳಿ ಮುಂದಿನದು ಯಾರಿಗೆ ಗೊತ್ತು ಎಂದೆ. ಮುಂದಿನ ಬೆಂಚಿನ ಚಿಸೊಮೊ ಎಂಬ ಹುಡುಗಿ ಎದ್ದು ಇಡೀ ಕೀರ್ತನೆಯನ್ನು ಎರಡು ಭಾಷೆಗಳಲ್ಲಿ ಹೇಳಿ, ಅದರ ಮೇಲೆ ನನಗೊಂದು ಪ್ರಶ್ನೆ ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ಹಾಡಿಸೋಣವೆಂದರೆ ಅಲ್ಲಿ ನಾಲ್ಕು ಮಕ್ಕಳು ಎಲ್ಲಿ ಸೇರಿದರೂ ನಾಲ್ಕು ಸ್ವರದಲ್ಲಿ ಹಾಡುತ್ತಾರೆ. ನಾನು ಸೇರಿದರೆ ಐದನೆಯದೊಂದು ಸ್ವರ ಹುಟ್ಟುತ್ತಿತ್ತು, ಅದಕ್ಕೆ ಹೆಸರಿಲ್ಲ. ತೋಟದ ಕೆಲಸಕ್ಕೆ ಹೋದೆ. ಮುಸುಕಿನ ಜೋಳದ ಸಸಿಯನ್ನು ಕಳೆ ಎಂದು ಕಿತ್ತೆ.

ಅಲ್ಲಿನ ಜನ ಬಹಳ ಮರ್ಯಾದಸ್ಥರು. 'ನಿಮ್ಮಿಂದ ಉಪಯೋಗವಿಲ್ಲ' ಎಂದು ಯಾರೂ ಹೇಳಲಿಲ್ಲ. ಬದಲಿಗೆ ಕುರ್ಚಿ ಕೊಟ್ಟರು. ತೋಟಕ್ಕೆ ಹೋದರೆ ಕುರ್ಚಿ, ಅಡುಗೆಮನೆಗೆ ಹೋದರೆ ಕುರ್ಚಿ, ಹಾಡಿನ ಅಭ್ಯಾಸಕ್ಕೆ ಹೋದರೆ ಬಾಗಿಲಿಂದ ಸಾಕಷ್ಟು ದೂರದಲ್ಲಿ ಕುರ್ಚಿ. "ಕೂಡ್ರಿ, ದಣದಿರ್ತೀರಿ." ದಣಿಯಲು ಏನಾದರೂ ಮಾಡಿರಬೇಕಲ್ಲ! ಮೊದಲ ಟರ್ಮನ್ನು ನಾನು ಹೀಗೆ ಬೇರೆ ಬೇರೆ ಕುರ್ಚಿಗಳ ಮೇಲೆ ಕಳೆದೆ.

ಆಗ ಬಂತು ಆ ದಿನ, ನಾನು ಮಳೆಯದೆಂದೂ ಅವರು ಬಿಸಿಲಿನದೆಂದೂ ಹೇಳುವ ದಿನ. ಮಿಸೆಸ್ ಫಿರಿ ನನ್ನನ್ನು ಕರೆಸಿ ಅಲ್ಲೂ ಕುರ್ಚಿ ತೋರಿಸಿದರು.

"ಸುಗುಣಾ, ಈಸ್ಟರ್ ಆದಮ್ಯಾಲೆ ಸಮಿತಿ ಕೂಡ್ತೈತಿ. ಇಂಡಿಯಾದಿಂದ ಬಂದಾಕಿ ಇಲ್ಲಿ ಏನ್ ಮಾಡ್ತಾಳ ಅಂತ ಕೇಳ್ತಾರ. ನಾನೇನ್ ಹೇಳ್ಲಿ?"

"ಪ್ರಾರ್ಥನಾ ಮಾಡ್ತಾಳ ಅಂತ ಹೇಳ್ರಿ."

"ಅದನ್ನ ಇಲ್ಲಿ ಎಲ್ಲಾರೂ ಮಾಡ್ತಾರ. ಅಡಿಗಿ ಮಾಡಾಕಿನೂ ಮಾಡ್ತಾಳ. ಮಾಡಿ, ಆಮ್ಯಾಲೆ ಅಡಿಗಿನೂ ಮಾಡ್ತಾಳ."

ಅವರಿಗೆ ನೋಯಿಸುವ ಉದ್ದೇಶವಿರಲಿಲ್ಲ. ಸಮಿತಿ 'ಅಗತ್ಯವಿಲ್ಲ' ಎಂದರೆ ನಾನು ಹೊರಡಬೇಕು, ಅಷ್ಟೇ. ಬಳ್ಳಾರಿಯ ಸಭೆಯ ಮುಂದೆ ನಿಂತು ಅಲ್ಲಿ ದೀಪ ಬೇಕಾಗಿರಲಿಲ್ಲ ಎಂದು ಹೇಳಬೇಕು. ಹಾರ ಹಾಕಿದ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಅಕ್ಕನಂತೂ ಏನೂ ಹೇಳದೆ ನನ್ನ ಹಳೆಯ ಮಷೀನಿನ ಧೂಳು ಒರೆಸಿಡುತ್ತಾಳೆ.

ಮಿಸೆಸ್ ಫಿರಿ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ನಿಮ್ಮೂರು ಜೀನ್ಸ್ ಊರಂತಲ್ಲ? ನೀವು ಛಲೋ ಹೊಲೀತೀರಂತಲ್ಲ?" ಎಂದರು.

ಇದನ್ನು ಅವರಿಗೆ ಯಾರು ಹೇಳಿದರೋ! ಅಯ್ಯನವರನ್ನು ಕೇಳಿದರೆ ನಾನಲ್ಲ ಎನ್ನುತ್ತಾರೆ. ಮಿಸೆಸ್ ಫಿರಿಯವರು 'ನೀವೇ ಹೇಳಿದ್ದು' ಎನ್ನುತ್ತಾರೆ. ನಾನು ಹೇಳಿರಲಾರೆ. ಅದನ್ನು ಮುಚ್ಚಿಡಲೆಂದೇ ಇಷ್ಟು ದೂರ ಬಂದವಳು ನಾನು.

ಸಂಗತಿ ಇಷ್ಟು. ಶಾಲೆಗೆ ದಾನವಾಗಿ ನೀಲಿ ಬಟ್ಟೆಯ ಥಾನುಗಳು ಬಂದಿದ್ದವು. ಎಲ್ಲ ಮಕ್ಕಳಿಗೂ ಹೊಸ ಯೂನಿಫಾರ್ಮ್ ಅಂಗಿ ಆಗಬೇಕು, ಈಸ್ಟರ್ ಬೆಳಿಗ್ಗೆ ಅವರು ಅದನ್ನು ತೊಟ್ಟು ದೇವಾಲಯಕ್ಕೆ ಮೆರವಣಿಗೆಯಲ್ಲಿ ಹೋಗಬೇಕು. ಪೇಟೆಯ ದರ್ಜಿಗಳು ಕೈ ಚೆಲ್ಲಿದ್ದರು. ಈಸ್ಟರ್ ಮುಂದೆ ಸುತ್ತಲಿನ ಎಲ್ಲ ಸಭೆಗಳ ಮಹಿಳಾ ಸಂಘದವರೂ ಹೊಸ ರವಿಕೆ ಹೊಲಿಯಲು ಹಾಕುತ್ತಾರೆ, ದರ್ಜಿಗಳ ಜಗುಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಾಲೆಯ ಉಗ್ರಾಣದಲ್ಲಿ ಕಾಲಿನಿಂದ ತುಳಿಯುವ ಹಳೆಯ ಮಷೀನುಗಳಿದ್ದವು, ಹೊಲಿಯುವವರಿರಲಿಲ್ಲ.

"ಹೊಲೀತೀನ್ರಿ," ಎಂದೆ. ಕುರ್ಚಿಯಿಂದ ಏಳಲು ಬೇರೆ ದಾರಿ ಇರಲಿಲ್ಲ.

"ಮೊದ್ಲು ಒಂದಽ ಒಂದು ಅಂಗಿ ಹೊಲಿದು ತೋರ್ಸ್ರಿ."

ಉಗ್ರಾಣದಲ್ಲೇ ಒಂದು ಮಷೀನಿಗೆ ಎಣ್ಣೆ ಬಿಟ್ಟು ಕೂತೆ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಏನಾಯಿತೆಂದು ಹೇಗೆ ಹೇಳಲಿ? ತಿಂಗಳುಗಟ್ಟಲೆ ಬರೀ ಮರ್ಯಾದೆ ಉಂಡಿದ್ದ ಮೈಗೆ ಕೆಲಸದ ರುಚಿ ಸಿಕ್ಕಿತು. ಕೈ ತಾನೇ ಓಡಿತು. ನಾನು ಹಾಡಿದೆ, ಅಲ್ಲಿ ತಡೆಯುವವರಿರಲಿಲ್ಲ. ಎರಡು ಮಧ್ಯಾಹ್ನ ಹೋದದ್ದೇ ತಿಳಿಯಲಿಲ್ಲ. ಮೂರನೆಯ ದಿನ ಮಿಸೆಸ್ ಫಿರಿ ಬಾಗಿಲಲ್ಲಿ ನಿಂತರು. ಕೂರೋಣವೆಂದು ಕುರ್ಚಿ ನೋಡಿದರು. ಕುರ್ಚಿಯ ಮೇಲೆ ನೀಲಿ ಗುಡ್ಡೆ. ಮೇಜಿನ ಮೇಲೆ ಇನ್ನೊಂದು. ಕಿಟಕಿಯ ಕಟ್ಟೆಯಲ್ಲಿ, ನನ್ನ ಮಡಿಲಲ್ಲಿ, ನೆಲದಲ್ಲಿ.

"ಇವೇನಿವು?"

"ಜೇಬ್ರಿ."

"ಅಂಗಿ ಎಲ್ಲಿ?"

"ಆಗ್ತೈತ್ರಿ. ಮೊದ್ಲು ಜೇಬು ಮುಗೀಲಿ."

"ನಾನು ಒಂದು ಅಂಗಿ ಕೇಳಿದ್ನಿ."

ಆಗ ನನಗೆ ಹೊಳೆಯಿತು. ಬಳ್ಳಾರಿಯಲ್ಲಿ ಯಾರೂ 'ಒಂದು' ಹೊಲಿಯುವುದಿಲ್ಲ. ಬಂಡಲ್ ಬರುತ್ತದೆ, ಬಂಡಲ್ ಮುಗಿಸಿ ಕಳಿಸುತ್ತೇವೆ, ಉಳಿದದ್ದು ಎಲ್ಲೋ ಆಗುತ್ತದೆ. ನನ್ನ ಕೈ ಅಭ್ಯಾಸಬಲದಿಂದ ಇಡೀ ಶಾಲೆಗೆ ಆಗಿ ಮಿಗುವಷ್ಟು ಜೇಬು ಹೊಲಿದು ಕಾಯುತ್ತಿತ್ತು, ಯಾರೋ ಬಂದು ಸೈಕಲ್ ಮೇಲೆ ಹೇರಿಕೊಂಡು ಹೋಗಲೆಂದು. ಇಲ್ಲಿ ಯಾರೂ ಬರುವವರಿರಲಿಲ್ಲ. ಇಲ್ಲಿ ಓಣಿಯೇ ಇರಲಿಲ್ಲ.

ಮಿಸೆಸ್ ಫಿರಿ ಒಂದು ಜೇಬನ್ನು ಎತ್ತಿ ತಿರುಗಿಸಿ ನೋಡಿದರು. ಅಂಗಿಯ ತೆಳು ಬಟ್ಟೆಯಲ್ಲಿ ಪ್ಯಾಂಟಿನ ಹಿಂದಿನ ಜೇಬು, ಐದು ಮೂಲೆ, ಬಿಲ್ಲಿನ ಎರಡು ಸಾಲು.

"ಛಂದ ಐತಿ," ಎಂದರು. "ಆದ್ರ ಹುಡುಗ್ರು ಬರೀ ಜೇಬು ಹಾಕ್ಕೊಂಡು ದೇವಾಲಯಕ್ಕ ಬರಾಕ ಆಗೂದಿಲ್ಲಲ್ಲ."

ಅವರು ಹೋದ ಮೇಲೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಮಲಾವಿಯಲ್ಲಿ ಮಧ್ಯಾಹ್ನವಾದರೆ ಬಳ್ಳಾರಿಯಲ್ಲಿ ಸಂಜೆ. ಅಕ್ಕ ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡಿದಳು.

"ಅಕ್ಕಾ, ಅಂಗಿ ಪೂರ್ತಿ ಹೊಲಿಯೋದು ಹೆಂಗ?"

"ನನಗೇನ್ ಗೊತ್ತಲೇ? ನಾನು ಜಿಪ್ ಹಾಕಾಕಿ."

"ಓಣ್ಯಾಗ ಯಾರಿಗಾದ್ರೂ ಗೊತ್ತೈತೇನು ಕೇಳು."

ಫೋನು ಓಣಿಗೆ ಇಳಿಯಿತು. ಅಲುಗುತ್ತಾ ಎಲ್ಲರ ಮುಖಗಳನ್ನೂ ತೋರಿಸಿತು. ಲೂಪಿನವರು ನಮಗೆ ಲೂಪಷ್ಟೇ ಗೊತ್ತು ಎಂದರು, ಪಟ್ಟಿಯವರು ಪಟ್ಟಿ ಎಂದರು. "ಏನ್ ಸುಗುಣಮ್ಮಾ, ದೇವ್ರ ವಾಕ್ಯ ಹೇಳಾಕ ಹೋಗಿ ಟೇಲರ್ ಆದೇನು?" ಎಂದು ಯಾರೋ ಕೂಗಿದರು. ಹಿಂದೆ ನಗು. ನನ್ನ ಕಣ್ಣು ತುಂಬಿತ್ತು. ಅಕ್ಕ ಅದನ್ನು ನೋಡಿರಬೇಕು. ದಾರವನ್ನು ಬಾಯಿಂದ ತೆಗೆದಳು.

"ಅಳಬ್ಯಾಡ. ನಮ್ಮ ಓಣ್ಯಾಗ ಒಬ್ರಿಗೂ ಪ್ಯಾಂಟ್ ಹೊಲಿಯಾಕ ಬರಲ್ಲ. ಆದ್ರೂ ದಿನಾ ಪ್ಯಾಂಟ್ ಹೊಂಟಾವಲ್ಲ? ಹೆಂಗ ಹೊಂಟಾವ?"

"ಹೆಂಗ?"

"ಒಂದು ಹಳೇ ಅಂಗಿ ತಗೋ. ಹೊಲಿಗಿ ಬಿಚ್ಚು. ತುಂಡು ತುಂಡು ಬ್ಯಾರೆ ಮಾಡು. ಒಬ್ಬೊಬ್ರಿಗೆ ಒಂದೊಂದು ತುಂಡು ಕೊಟ್ಟು ಇಂಥದ್ದಽ ಮಾಡು ಅಂತ ಹೇಳು. ಪೂರ್ತಿ ಅಂಗಿ ಮಾತ್ರ ಯಾರಿಗೂ ತೋರ್ಸಬ್ಯಾಡ. ಹೆದರ್ತಾರ."

ಕುರುಗೋಡಿನ ಅಯ್ಯನವರು ಹೇಳಿದ ಮಾತು! ಅಥವಾ ಅಕ್ಕ 'ಹೆದರ್ತಾರ' ಎನ್ನಲಿಲ್ಲವೋ ಏನೋ. ನಾನೇ ಎರಡು ನೆನಪುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದಿರಬಹುದು. ಹೊಲಿಗೆ ಕಾಣದಷ್ಟು ಚೆನ್ನಾಗಿ ಕೂತಿದೆ, ಅದಕ್ಕೇ ಅನುಮಾನ.

ಮರುದಿನವೇ ಶಾಲೆಯನ್ನು ಓಣಿ ಮಾಡಿದೆ. ಹಳೆಯ ಅಂಗಿಗಳನ್ನು ಬಿಚ್ಚಿದೆವು. ಬಿಚ್ಚಿದ ತುಂಡುಗಳನ್ನೇ ಅಳತೆಗೆ ಇಟ್ಟು ಹೊಸ ಬಟ್ಟೆಯನ್ನು ಕತ್ತರಿಸಿದ್ದು ಮಿಸೆಸ್ ಫಿರಿ. ಆ ದೊಡ್ಡ ಕತ್ತರಿಯನ್ನು ಅವರು ಬೇರೆ ಯಾರ ಕೈಗೂ ಕೊಡಲಿಲ್ಲ, ಶಾಲೆಯಲ್ಲಿ ಕತ್ತರಿಸುವ ಅಧಿಕಾರ ಅವರದೇ ಎಂದು ನಾವೂ ಒಪ್ಪಿದೆವು. ಒಂಬತ್ತನೆಯ ತರಗತಿಯವರಿಗೆ ಜೇಬು, ಹತ್ತನೆಯವರಿಗೆ ತೋಳು, ಹನ್ನೊಂದನೆಯವರಿಗೆ ಕಾಲರು, ಹನ್ನೆರಡನೆಯವರಿಗೆ ಎಲ್ಲವನ್ನೂ ಜೋಡಿಸುವುದು. ಗುಂಡಿ ಮತ್ತು ಕಾಜ ಶಿಕ್ಷಕರ ಕೋಣೆಗೆ. ಅಡುಗೆಯವಳ ಪಾಲಿಗೆ ದಾರ ಕತ್ತರಿಸುವುದು. ಪಾಠ ಮುಗಿದ ಮೇಲೆ ಎಲ್ಲ ಕೋಣೆಗಳಿಂದಲೂ ಮಷೀನಿನ ಸದ್ದು. ಬಂಡಲ್‌ಗಳು ತಲೆಯ ಮೇಲೆ ಕೋಣೆಯಿಂದ ಕೋಣೆಗೆ ಹೋಗುತ್ತಿದ್ದವು. ಕಣ್ಣು ಮುಚ್ಚಿದರೆ ಕೌಲ್ ಬಜಾರು. ಮಷೀನು ಸಾಲದೆ ಬಂದಾಗ ಊರಿನ ಹೆಂಗಸರು ಮನೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ತಮ್ಮ ಮಷೀನುಗಳನ್ನು ಹೊತ್ತು ತಂದುಕೊಟ್ಟರು.

ಒಂಬತ್ತನೆಯವರಿಗೆ ಜೇಬು ಕಲಿಸಿದ್ದು ನಾನು. ನನಗೆ ಗೊತ್ತಿದ್ದ ಒಂದೇ ವಿದ್ಯೆ ಅದು, ಮೂಲೆ ಮೂಲೆಯನ್ನೂ ಬಿಡಿಸಿ ಕಲಿಸಿದೆ. ನನಗೆ ಉತ್ತರ ಬಾರದ ಪ್ರಶ್ನೆ ಕೇಳಿದ್ದ ಚಿಸೊಮೊ ನನ್ನ ಪಕ್ಕ ನಿಂತು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ಮೇಡಂ, ಎಡ ಮೂಲಿಗೆ ಬಂದಾಗ ಯಾಕ ಒಳಗ ಎಳಿತೀರಿ?"

ನಮ್ಮ ಮಷೀನಿನ ಗಿಡ್ಡ ಕಾಲು, ಜಾರುವ ಕಲ್ಲು, ಇದನ್ನೆಲ್ಲ ಯಾವ ಇಂಗ್ಲಿಷಿನಲ್ಲಿ ಹೇಳುವುದು? "ನಮ್ಮೂರ ಪದ್ಧತಿ," ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು.

ತೊಂದರೆಗಳಿಲ್ಲದೆ ಇರಲಿಲ್ಲ. ಹತ್ತನೆಯವರು ಒಮ್ಮೆ ಉಮೇದಿನಲ್ಲಿ ದಿನವಿಡೀ ಎಡತೋಳುಗಳನ್ನೇ ಹೊಲಿದು ಗುಡ್ಡೆ ಹಾಕಿದರು. "ಬಲಗೈ ಇಲ್ಲದ ಸಾಲಿ ಮಾಡಿದ್ರಿ," ಎಂದು ಹನ್ನೊಂದನೆಯವರು ಹಂಗಿಸಿದರು. ಅದೇ ಹನ್ನೊಂದನೆಯವರು ಕಾಲರನ್ನು ಉಲ್ಟಾ ಹೊಲಿದಾಗ ಹತ್ತನೆಯವರು ಆ ಕಾಲರುಗಳ ಮೆರವಣಿಗೆಯನ್ನೇ ತೆಗೆದರು. ಒಂಬತ್ತನೆಯವರಿಗೆ ಜೇಬಿನ ಹುಚ್ಚು ಹಿಡಿದಿತ್ತು, ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ. ನನ್ನ ಹಳೆಯ ಗುಡ್ಡೆಗಳ ಪಕ್ಕ ಅವರ ಹೊಸ ಗುಡ್ಡೆಗಳು ಎದ್ದವು. ನಿಯಮದ ಪ್ರಕಾರ ಅಂಗಿಗೆ ಒಂದೇ ಜೇಬು.

"ಉಳಿದವನ್ನ ಏನ್ ಮಾಡೋದ್ರಿ?" ಎಂದು ಮಿಸೆಸ್ ಫಿರಿಯವರನ್ನು ಕೇಳಿದೆ.

ಅವರು ಗುಡ್ಡೆ ನೋಡಿದರು, ಮಕ್ಕಳ ಮುಖ ನೋಡಿದರು, ಕತ್ತರಿಯನ್ನು ಕೆಳಗಿಟ್ಟರು. "ಎರಡು ಹಚ್ರಿ."

ಮೊದಲ ಅಂಗಿ ಪೂರ್ತಿಯಾದದ್ದು ಒಂದು ಮಧ್ಯಾಹ್ನ. ಹನ್ನೆರಡನೆಯವರು ಅದನ್ನು ಕೋಲಿಗೆ ಸಿಕ್ಕಿಸಿಕೊಂಡು ಅಂಗಳಕ್ಕೆ ತಂದರು. ಅಲ್ಲಿಯವರೆಗೂ ಉಳಿದವರು ಯಾರೂ ಹೊಸ ಅಂಗಿಯನ್ನು ಇಡಿಯಾಗಿ ನೋಡಿರಲಿಲ್ಲ. ಚಿಸೊಮೊ ಅದನ್ನು ತೊಟ್ಟು ಮರದ ಕೆಳಗೆ ನಿಂತಳು. ಆಮೇಲೆ ಗದ್ದಲವೋ ಗದ್ದಲ. "ಆ ತೋಳು ನಂದು!" "ಕಾಲರ್ ನೋಡ್ರಿ, ನಮ್ದು!" ಶಿಕ್ಷಕರ ಗುಂಪಿನಲ್ಲಿ ಗಣಿತದವರು ಮೂರನೆಯ ಗುಂಡಿಯ ಕಡೆ ಕೈ ತೋರಿಸಿ ಮೀಸೆ ತಿರುವುತ್ತಿದ್ದರು. ಒಂಬತ್ತನೆಯವರೆಲ್ಲ ಒಂದೇ ಸಲಕ್ಕೆ ಕೂಗಿದರು: "ಅದು ನನ್ನ ಜೇಬು! ಅದು ನನ್ನ ಜೇಬು!"

ಅಜ್ಜಿ, ಅವತ್ತು ಅಲ್ಲಿ ನೀನು ಇರಬೇಕಿತ್ತು.

ಈಸ್ಟರ್ ಬೆಳಿಗ್ಗೆ (ಇದರಲ್ಲಿ ಯಾರ ತಕರಾರೂ ಇಲ್ಲ, ಫೋಟೋಗಳಿವೆ) ಇಡೀ ಶಾಲೆ ನೀಲಿಯಾಗಿ ಗುಡ್ಡ ಇಳಿಯಿತು. ಪ್ರತಿ ಎದೆಯ ಮೇಲೂ ಬಳ್ಳಾರಿಯ ಪ್ಯಾಂಟಿನ ಎರಡೆರಡು ಹಿಂದಿನ ಜೇಬು. ಮಕ್ಕಳು ನಾಲ್ಕು ಸ್ವರಗಳಲ್ಲಿ ಹಾಡುತ್ತಾ, ಎರಡು ಕೈಗಳನ್ನೂ ಎದೆಯ ಜೇಬುಗಳ ಮೇಲೆ ಇಟ್ಟುಕೊಂಡು ನಡೆದರು. ಹಾಗೆ ನಡೆಯಲು ಯಾರೂ ಹೇಳಿಕೊಟ್ಟಿರಲಿಲ್ಲ. ದಾರಿಯ ಇಕ್ಕೆಲಗಳಲ್ಲಿ ನಿಂತ ಹೆಂಗಸರು ಗಂಟಲೆತ್ತಿ, ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಹೊಸ ರವಿಕೆ ತೊಟ್ಟ ಮಹಿಳಾ ಸಂಘದವರು ನಮ್ಮ ಜೇಬುಗಳನ್ನು ನೋಡಿ ತಮ್ಮ ರವಿಕೆಗಳನ್ನು ನೋಡಿಕೊಂಡರು. ನನ್ನ ಜೀವನದಲ್ಲಿ ನಾನು ಗೆದ್ದ ಬೆಳಗು ಅದೊಂದೇ ಇರಬಹುದು, ಅಷ್ಟು ಗೆಲುವು ಒಬ್ಬರಿಗೆ ಸಾಕು. ದೇವಾಲಯದಲ್ಲಿ ಜಾಗ ತುಂಬಿತ್ತು. ನಾನು ಬಾಗಿಲ ಬಳಿ ನಿಂತೆ. ಗುಂಡಿ ಕಿತ್ತ ಮಕ್ಕಳು ಓಡಿ ಬರುತ್ತಿದ್ದರು, ಬಾಯಲ್ಲಿ ದಾರ ಕಚ್ಚಿಕೊಂಡು ಹಚ್ಚಿ ಕಳಿಸುತ್ತಿದ್ದೆ. ಆರಾಧನೆ ಮುಗಿಯುವ ತನಕ ಯಾರೂ ನನಗೆ ಕುರ್ಚಿ ಕೊಡಲಿಲ್ಲ.

ಸಮಿತಿಯ ಅಧ್ಯಕ್ಷರು ಹಿರಿಯರು, ಕಡಿಮೆ ಮಾತಿನವರು. ಹೊರಗೆ ಬಂದವರೇ ಮಿಸೆಸ್ ಫಿರಿಯವರನ್ನು ಕೇಳಿದರು: "ಇಂಡಿಯಾದಾಕಿ ಇಲ್ಲಿ ಏನ್ ಮಾಡ್ತಾಳ?"

ಮಿಸೆಸ್ ಫಿರಿ ಅಂಗಳದ ತುಂಬ ಓಡಾಡುತ್ತಿದ್ದ ನೀಲಿಯನ್ನು ತೋರಿಸಿದರು. "ಅದನ್ನ."

"ಎಲ್ಲಾ ಆಕಿನಽ ಹೊಲಿದಳಾ?"

"ಇಲ್ರಿ. ಆಕಿಗೆ ಜೇಬು ಬಿಟ್ರ ಏನೂ ಬರಲ್ಲ. ಹೊಲಿದೋರು ನಾವು."

ಅಧ್ಯಕ್ಷರು ನನ್ನನ್ನು ದಿಟ್ಟಿಸಿದರು. "ಹಂಗಾದ್ರ ಇರ್ಲಿ," ಎಂದರು. "ನನಗೂ ಒಂದು ಅಂಗಿ ಆಗ್ಲಿ. ಎರಡು ಜೇಬಿಂದು."

ಅಂದಿನಿಂದ ಅಲ್ಲೇ ಇದ್ದೇನೆ. ಬೈಬಲ್ ತರಗತಿಯನ್ನೂ ತೆಗೆದುಕೊಳ್ಳುತ್ತೇನೆ, ಈಗ ಒಂದು ಸಲಕ್ಕೆ ಒಂದೇ ತುಂಡು. ಉಗ್ರಾಣದ ಆ ಕೋಣೆಗೆ ಮಕ್ಕಳು 'ಬಳ್ಳಾರಿ' ಎಂದು ಹೆಸರಿಟ್ಟಿದ್ದಾರೆ. ಊಟದ ಹೊತ್ತಿಗೆ ಯಾರಾದರೂ ಕಾಣದಿದ್ದರೆ "ಬಳ್ಳಾರಿಗೆ ಹೋಗ್ಯಾರ" ಎನ್ನುತ್ತಾರೆ. ಪಕ್ಕದ ಊರುಗಳ ಶಾಲೆಗಳಿಂದಲೂ ಮಕ್ಕಳು ಬಳ್ಳಾರಿಗೆ ಬಂದು ಓಣಿ ಮಾಡುವುದನ್ನು ಕಲಿತು ಹೋಗುತ್ತಾರೆ. ನನ್ನ ಸಭೆಯ ಹಿರಿಯರಿಗೆ ಈ ಸಲ ಇದನ್ನು ವಿವರಿಸಿದೆ. "ಅಂದ್ರ ಅಲ್ಲಿ ಟೇಲರಿಂಗ್ ಮಾಡಾಕತ್ತಿಯೇನವ್ವಾ?" ಎಂದರು. "ಹೌದ್ರಿ," ಎಂದೆ. ನನ್ನ ದನಿಯಲ್ಲಿ ಎಷ್ಟು ಜಂಭವಿತ್ತೆಂದರೆ ಅವರು ಮತ್ತೊಮ್ಮೆ ಹಾರ ತರಿಸಿದರು.

ಈಗ ನಿನ್ನೆಯ ಕಿಟಕಿಗೆ ಬರೋಣ. ಅಕ್ಕ ಜೇಬನ್ನು ಬೆಳಕಿಗೆ ಹಿಡಿದು "ಹೌದಾ?" ಎಂದಳಲ್ಲ. ಆಮೇಲೆ ಅದನ್ನು ನನ್ನ ಕೈಗಿತ್ತು ಕೇಳಿದಳು: "ಖರೇನ ನಿಂದಽ ಏನಿದು? ಇಲ್ಲಾ ನಿನ್ನ ಸಾಲಿ ಹುಡುಗ್ರದಾ?"

ನೋಡಿದೆ. ಕನ್ನಡಕ ಹಾಕಿಕೊಂಡು ನೋಡಿದೆ. ಐದು ಮೂಲೆ, ಬಿಲ್ಲಿನ ಎರಡು ಸಾಲು, ಎಡಮೂಲೆಯಲ್ಲಿ ಕೂದಲೆಳೆಯಷ್ಟು ಒಳಕ್ಕೆ ವಾಲಿದ ಹೊಲಿಗೆ. ಮೊದಲ ಎರಡು ಮಧ್ಯಾಹ್ನಗಳ ಗುಡ್ಡೆಯಿಂದ ಎತ್ತಿಟ್ಟುಕೊಂಡದ್ದಾದರೆ ನನ್ನದು. ಆದರೆ ಈಗ ಆ ಶಾಲೆಯಲ್ಲಿ ಯಾರು ಜೇಬು ಹೊಲಿದರೂ ಎಡಕ್ಕೇ ವಾಲುತ್ತದೆ, ಸಮ ನೆಲದ ಮೇಲೆ ನಿಂತ ಮಷೀನಿನಲ್ಲೂ. ಚಿಸೊಮೊ ಹೊಸದಾಗಿ ಬಂದವರಿಗೆ ಕಲಿಸುವಾಗ 'ಇಲ್ಲಿ ಒಳಗ ಎಳೀಬೇಕು, ಇದು ಪದ್ಧತಿ' ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ. ಬಸ್ಸಿನಲ್ಲಿ ಬೆರಳಿಟ್ಟು ತೋರಿಸಿದ್ದ ನನಗೆ ಇದು ಯಾರ ಕೈಯದೆಂದು ಈಗ ಗೊತ್ತಿಲ್ಲ.